ಕೊನೆಗೆ ಮಾತಾಡುವವರು

ಧಾರವಾಡದಲ್ಲಿ ನಿಂತು ಕಲ್ಲು ಒಗೆದರೆ ಅದು ಯಾವುದಾದರೂ ಕವಿಯ ಮನೆ ಮೇಲೆ ಬೀಳುತ್ತದೆ ಅಂತ ಒಂದು ಮಾತಿದೆ. ಊರಿನವರಿಗೆ ಅದನ್ನು ಹೇಳಿಕೊಳ್ಳುವುದೆಂದರೆ ಖುಷಿ. ನಾನು ಇಲ್ಲಿ ಬಾಡಿಗೆ ಮನೆ ಹಿಡಿದು ಹನ್ನೊಂದು ವರ್ಷವಾಗಿತ್ತು. ಕವಿತೆಯನ್ನೂ ಬರೆಯುತ್ತಿದ್ದೆ. ಒಂದು ಕಲ್ಲೂ ಬಿದ್ದಿರಲಿಲ್ಲ.

ಹುಟ್ಟಿದ್ದು ಅಣ್ಣಿಗೇರಿಯಲ್ಲಿ. ಕೆಲಸ ಒಂದು ವಿಮಾ ಕಚೇರಿಯಲ್ಲಿ. ಹಗಲೆಲ್ಲ ಬೇರೆಯವರ ಸಾವಿನ ಲೆಕ್ಕ ಹಾಕಿ, ರಾತ್ರಿ ಪಾತ್ರೆ ತೊಳೆದಾದ ಮೇಲೆ ನೋಟ್‌ಬುಕ್ ತೆಗೆಯುತ್ತಿದ್ದೆ. ಎರಡು ಕವಿತೆ ಪತ್ರಿಕೆಯ ಪುರವಣಿಯಲ್ಲಿ ಬಂದಿದ್ದವು. ಉಳಿದವು ಎಲ್ಲಿಗೆ ಕಳಿಸಿದ್ದೆನೋ ಅಲ್ಲೇ ಇದ್ದವು, ಹೌದು ಅಲ್ಲ ಎಂಬ ಒಂದು ಮಾತೂ ಬರಲಿಲ್ಲ. ಗಂಡನಿಗೆ ಓದಿ ತೋರಿಸಿದರೆ "ಛಲೋ ಐತಿ" ಅನ್ನುತ್ತಿದ್ದ. ಸಾರು ಬಡಿಸಿದರೂ ಅದೇ ದನಿಯಲ್ಲಿ ಹೇಳುತ್ತಿದ್ದ.

2018ರ ಜುಲೈ, ಎರಡನೇ ಭಾನುವಾರ. ನನ್ನ ಪಾಲಿಸಿದಾರರೊಬ್ಬರು ಮಾಳಮಡ್ಡಿ ಬಡಾವಣೆಯ ಒಂದು ಮನೆಯ ಮಹಡಿಗೆ ಕರೆದುಕೊಂಡು ಹೋದರು. ಬೆಳಗಿನಿಂದ ಜಿಟಿಜಿಟಿ ಮಳೆ. ಬಾಗಿಲ ಹೊರಗೆ ಹತ್ತು ಹನ್ನೆರಡು ಕೊಡೆ ಬಿಚ್ಚಿಟ್ಟಿದ್ದರು. ಒಳಗೆ ಚಾಪೆ, ಒಂದೇ ಒಂದು ಕುರ್ಚಿ, ಅದರ ಮೇಲೆ ಮಂಡಕ್ಕಿ ಗಿರ್ಮಿಟ್ ತುಂಬಿದ ಪಾತ್ರೆ. ಜನ ಎಲ್ಲ ನೆಲದ ಮೇಲೆ.

ಗುಂಪಿಗೆ ಹೆಸರೇ ಇಲ್ಲ ಅಂತ ಗೊತ್ತಾದಾಗ ಯಾಕೆ ಅಂದೆ. ನಾಟಕ ಬರೆಯುವ ಮಾಸ್ತರು ಹೇಳಿದರು: "ಹೆಸರಿಟ್ಟರ ಅಧ್ಯಕ್ಷ ಬೇಕಾಗ್ತಾನ. ಅಧ್ಯಕ್ಷ ಬಂದರ ಶಾಲು ಬೇಕಾಗ್ತದ. ಶಾಲಿಗೆ ರೊಕ್ಕ ಎಲ್ಲಿ ಅದ?"

ಹದಿಮೂರು ಜನ. ಹೈಸ್ಕೂಲಿನಿಂದ ನಿವೃತ್ತರಾದ ಈ ಮಾಸ್ತರು. ನಾಲ್ಕು ಸಾಲಿಗಿಂತ ಜಾಸ್ತಿ ಬರೆಯದ ಚುಟುಕದ ಅಜ್ಜ. ಶಾಸನ ಓದುವವರೊಬ್ಬರು, ಹಳ್ಳಿಗೆ ಹೋದರೆ ಮೊದಲು ಗುಡಿಯ ಹಿಂದಿನ ಕಲ್ಲು ನೋಡುವ ಪೈಕಿ. ಮರಾಠಿಯಿಂದ ಅನುವಾದ ಮಾಡುವ ಹೆಂಗಸು. ಗಜಲ್ ಬರೆಯುವ ಹುಡುಗ, ಮೊಬೈಲ್ ಅಂಗಡಿಯಲ್ಲಿ ಕೆಲಸ. ಕೃಷಿ ವಿಶ್ವವಿದ್ಯಾಲಯದಲ್ಲಿ ಇದ್ದು ಈಗ ವಿಜ್ಞಾನದ ಲೇಖನ ಬರೆಯುವವರು. ಮತ್ತೆ ನವಲಗುಂದದ ಕಡೆಯ ಅಕ್ಕ. ಅವರು ಬರೆಯುವುದಿಲ್ಲ, ಹಾಡುತ್ತಾರೆ. ಮಗಳು ಬರೆದುಕೊಳ್ಳುತ್ತಾಳೆ. ಉಳಿದವರಲ್ಲಿ ಹೆಚ್ಚಿನವರು ನನ್ನ ಹಾಗೆ ಕವಿತೆಯವರು. ಕವಿತೆಯವರು ಎಲ್ಲೆಲ್ಲೂ ಇರುತ್ತಾರೆ ಬಿಡಿ.

ನಿಯಮ ಮೂರೇ. ಹೊಸಬರು ಮೊದಲ ಮೂರು ಬೈಠಕ್‌ನಲ್ಲಿ ಓದಬಾರದು, ಕೇಳಬೇಕು. ಓದಿದವರು ಉಳಿದವರು ಮಾತಾಡುವಾಗ ಬಾಯಿ ತೆರೆಯಬಾರದು. ಮೂರನೆಯದು ನನಗೆ ವಿಚಿತ್ರ ಅನ್ನಿಸಿತು. ಕವಿತೆ ಓದಿದರೆ ಕವಿಗಳು ಕೊನೆಗೆ ಮಾತಾಡಬೇಕು. ಕತೆಗೆ ಕತೆಗಾರರು ಕೊನೆಗೆ, ನಾಟಕಕ್ಕೆ ನಾಟಕದವರು ಕೊನೆಗೆ. ನಾನಂದುಕೊಂಡೆ, ಇದೆಂಥ ಲೆಕ್ಕ? ಕವಿತೆ ಗೊತ್ತಿದ್ದವರೇ ತಾನೇ ಮೊದಲು ಹೇಳಬೇಕು, ಅಲ್ವಾ?

ಆವತ್ತು ಹುಡುಗ ಗಜಲ್ ಓದಿದ. ಗಜಲ್‌ನ ಗುಟ್ಟು ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಎರಡೆರಡು ಸಾಲಿನ ಜೋಡಿಗೆ ಶೇರ್ ಅನ್ನುತ್ತಾರೆ. ಮೊದಲ ಎರಡು ಸಾಲು ಮತ್ಲಾ, ಎರಡಕ್ಕೂ ಕೊನೆಗೆ ಒಂದೇ ಪದ, ಅದು ರದೀಫ್. ಅದರ ಹಿಂದೆ ಪ್ರಾಸ, ಅದು ಕಾಫಿಯಾ. ಆಮೇಲಿನ ಪ್ರತಿ ಶೇರ್‌ನ ಎರಡನೇ ಸಾಲಿನಲ್ಲಿ ಎರಡೂ ಬರಬೇಕು. ಕಡೆಯದರಲ್ಲಿ ಕವಿ ತನ್ನ ಹೆಸರು ಹಾಕಿಕೊಳ್ಳುತ್ತಾನೆ. ಕನ್ನಡದಲ್ಲಿ ಇದನ್ನು ಊರಿಸಿದವರು ರಾಯಚೂರಿನ ಶಾಂತರಸರು. ಹುಡುಗ ಚೆನ್ನಾಗಿ ಓದಿದ, ನಾನು ತಲೆದೂಗಿದೆ. ಆಗ ವಿಜ್ಞಾನದವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಎರಡನೇ ಶೇರ್‌ನಾಗ ಚಂದ್ರ ನಡುರಾತ್ರಿ ಹುಟ್ಟಿದ. ನಾಲ್ಕನೇದರಾಗ ಅದೇ ರಾತ್ರಿ ಹುಣ್ಣಿಮಿ ಅಂದಿ. ಹುಣ್ಣಿಮಿ ಚಂದ್ರ ಸಂಜಿಕೇನ ಹುಟ್ಟತಾನಪ್ಪ."

ಹುಡುಗನ ಮುಖ ಕೆಂಪಾಯಿತು. ಮಾತಾಡುವ ಹಾಗಿಲ್ಲ. ಚಹಾ ಬಂದ ಮೇಲೆ ಮಾತ್ರ ಹೇಳಿದ, ಗಜಲ್‌ನಲ್ಲಿ ಒಂದೊಂದು ಶೇರ್‌ಗೂ ಅದರದೇ ಬದುಕು, ಆದ್ದರಿಂದ ಎರಡು ಚಂದ್ರ ಇರಬಹುದು ಅಂತ. "ಇರಲಿ. ಆದರ ಎರಡೂ ಒಂದೇ ಮನಿ ಕಿಟಕಿಯೊಳಗ ಬಂದಾವಲ್ಲ" ಅಂದರು ಅವರು. ಮುಂದಿನ ತಿಂಗಳು ಹುಡುಗ ಕಿಟಕಿ ತೆಗೆದುಹಾಕಿ ತಂದ. ಗಜಲ್ ಮೊದಲಿಗಿಂತ ಗಟ್ಟಿಯಾಗಿತ್ತು. ಕವಿಗಳಾದ ನಾವು ಐದು ಜನ ಅಲ್ಲೇ ಇದ್ದೆವು. ಒಬ್ಬರಿಗೂ ಆ ಚಂದ್ರ ಕಂಡಿರಲಿಲ್ಲ.

ಇಂಥ ಬೆರಕೆ ಗುಂಪು ಈ ಊರಿಗೆ ಹೊಸದೇನಲ್ಲ ಅಂತ ಹೇಳಿದವರು ಶಾಸನದವರು. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕಟ್ಟಿಕೊಂಡ ಗೆಳೆಯರ ಗುಂಪನ್ನೇ ನೋಡಿ ಅನ್ನುತ್ತಿದ್ದರು. ಬೇಂದ್ರೆ ಕವಿ. ಶಂಬಾ ಜೋಶಿ ಸಂಶೋಧಕರು, ಪದದ ಬೇರು ಹಿಡಿದು ಹೋಗುವವರು. ಬೆಟಗೇರಿ ಕೃಷ್ಣಶರ್ಮರು ಕವಿತೆ, ಕಾದಂಬರಿ, ಜಾನಪದ ಎಲ್ಲ. ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಅವರೂ ಇದ್ದರು. ವಿಜಯಪುರದ ಕಡೆ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹೆಂಗಸರು ಬೀಸುವಾಗ ಹಾಡುವ ಹಾಡು ಕೂಡಿಸಿದರು. ಅದು 1931ರಲ್ಲಿ 'ಗರತಿಯ ಹಾಡು' ಆಗಿ ಬಂತು.

ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟಕ್ಕೂ ಒಮ್ಮೆ ಕರೆದೊಯ್ದರು. ಅದು 1933ರಿಂದ ಪುಸ್ತಕ ತರುತ್ತಿದೆ. ಅದನ್ನು ನಡೆಸಿದ ಜಿ.ಬಿ. ಜೋಶಿಯವರು ಜಡಭರತ ಅನ್ನುವ ಹೆಸರಲ್ಲಿ ತಾವೇ ನಾಟಕ ಬರೆದವರು. ಅವರ ಜೊತೆಗಿದ್ದ ಕೀರ್ತಿನಾಥ ಕುರ್ತಕೋಟಿ ವಿಮರ್ಶಕರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' ಅಲ್ಲಿಂದಲೇ 1961ರಲ್ಲಿ ಹೊರಬಂತು. ನಾನು ಅಲ್ಲಿ ನಿಂತು ಭಕ್ತಿಯಿಂದ ಸುತ್ತ ನೋಡುತ್ತಿದ್ದರೆ ಚುಟುಕದ ಅಜ್ಜ ಕಿವಿಯಲ್ಲಿ, "ಗೋಡಿ ನೋಡಬ್ಯಾಡ, ಪುಸ್ತಕ ತಗೋ" ಅಂದರು. ತಗೊಂಡೆ.

ಮೂರು ಬೈಠಕ್ ಮುಗಿದವು. ನಾಲ್ಕನೆಯದಕ್ಕೆ ಕವಿತೆ ಒಯ್ಯಬಹುದಿತ್ತು. ಆದರೆ ಸುಮ್ನೆ ಹಟಕ್ಕೆ ಬಿದ್ದು ಕತೆ ಬರೆದೆ. ಕವಿತೆ ಒಯ್ದರೆ ಚಂದ್ರನನ್ನು ಹಿಡಿದ ಹಾಗೆ ನನ್ನದನ್ನೂ ಹಿಡಿದಾರು ಎಂಬ ಭಯ. ಕತೆಯಾದರೆ ನನ್ನ ಜಾತಿಯದಲ್ಲ, ಕೆಟ್ಟರೂ ಮರ್ಯಾದೆ ಹೋಗುವುದಿಲ್ಲ.

ಕತೆ ನಮ್ಮ ಅಜ್ಜಿಯದು. 1970ರ ದಶಕ. ಅಜ್ಜಿ ಹತ್ತಿ ಬಿಡಿಸಲು ಹೊಲಕ್ಕೆ ಹೋದ ದಿನ ತವರಿನಿಂದ ಆಳು ಬರುತ್ತಾನೆ, ತಾಯಿ ತೀರಿಕೊಂಡ ಸುದ್ದಿ ತಂದು. ಆಕಾಶದಲ್ಲಿ ಮೋಡ. ಮಳೆ ಬಿದ್ದರೆ ಒಡೆದು ನಿಂತ ಹತ್ತಿ ಹಾಳು. ಅಜ್ಜಿ ಆಳನ್ನು ಬದುವಿನ ಮೇಲೆ ಕೂರಿಸಿ, ಕೊನೆಯ ಸಾಲು ಬಿಡಿಸಿಯೇ ಮನೆಗೆ ಬರುತ್ತಾಳೆ. ಇದನ್ನು ದಸರೆಯ ದಿನ ಇಟ್ಟಿದ್ದೆ. ಊರಲ್ಲೆಲ್ಲ ಹಬ್ಬ, ಹೊಲದಲ್ಲಿ ಇವಳೊಬ್ಬಳು. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು, ನನ್ನದೇ ಬರವಣಿಗೆಗೆ.

ನವೆಂಬರಿನಲ್ಲಿ ಓದಿದೆ. ಓದಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ಮೆಚ್ಚಿದರು ಅಂತ ತಿಳಿದೆ. ಆಮೇಲೆ ನವಲಗುಂದದ ಅಕ್ಕ ಕೇಳಿದರು: "ಯವ್ವಾ, ದಸರಾಕ ಹತ್ತಿ ಎಲ್ಲಿ ಬಿಡಸ್ತಾರಬೇ?"

ವಿಜ್ಞಾನದವರು ಮುಂದುವರಿಸಿದರು. ಆ ಕಾಲಕ್ಕೆ ನಮ್ಮ ಕಡೆ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಇದ್ದದ್ದು ಜಯಧರ, ಊರ ಹತ್ತಿ. ಬಿತ್ತುವುದು ಆಗಸ್ಟ್, ಸೆಪ್ಟೆಂಬರ್. ಬಿಡಿಸಲು ಬರುವುದು ಫೆಬ್ರುವರಿ, ಮಾರ್ಚಿನಲ್ಲಿ. ದಸರೆಯ ಹೊತ್ತಿಗೆ ಗಿಡ ಮೊಣಕಾಲ ಮಟ್ಟಕ್ಕೂ ಬಂದಿರುವುದಿಲ್ಲ. ನಾಚಿಕೆಯಾಯಿತು. ಅಣ್ಣಿಗೇರಿಯಲ್ಲಿ ಹುಟ್ಟಿದವಳು ನಾನು. ನಮ್ಮಪ್ಪನ ಹೊಲದ ಹತ್ತಿ ಯಾವಾಗ ಒಡೆಯುತ್ತದೆ ಅನ್ನುವುದನ್ನು ಧಾರವಾಡದ ಮಹಡಿಯಲ್ಲಿ ಕೂತು ಬೇರೆಯವರಿಂದ ತಿಳಿಯಬೇಕಾಯಿತು.

ಅಷ್ಟಕ್ಕೇ ಬಿಡಲಿಲ್ಲ. ಮಾಸ್ತರು ನನ್ನ ಕೈಯಿಂದ ಹಾಳೆ ಇಸಿದುಕೊಂಡು ಮಾತುಗಳನ್ನೆಲ್ಲ ಬೇರೆ ಬೇರೆಯವರಿಗೆ ಹಂಚಿದರು. ಆಳಿನ ಮಾತು ಶಾಸನದವರಿಗೆ, ಅಜ್ಜಿಯ ಮಾತು ಗಜಲ್ ಹುಡುಗನಿಗೆ. ಹುಡುಗ ಓದಿದ: "ನಾನು ಹೊಲಕ್ಕೆ ಹೋಗಿ ಬರುತ್ತೇನೆ. ನೀನು ಮನೆಯಲ್ಲಿಯೇ ಇರು." ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಅಜ್ಜಿ ಬದುಕಿಡೀ "ಬರುತ್ತೇನೆ" ಅಂದವಳೇ ಅಲ್ಲ.

ಚುಟುಕದ ಅಜ್ಜ ಆವತ್ತು ಏನೂ ಹೇಳಲಿಲ್ಲ. ಅವರ ಅಭಿಪ್ರಾಯ ಅಂಚೆಯಲ್ಲಿ ಬರುತ್ತದೆ. 50 ಪೈಸೆಯ ಕಾರ್ಡು. ಅದರಲ್ಲಿ ಹಿಡಿಯದ ವಿಮರ್ಶೆ ಬೇಡವೇ ಬೇಡ ಎನ್ನುವುದು ಅವರ ಮತ. ಬುಧವಾರ ಕಚೇರಿಗೇ ಬಂತು: "ಮುದುಕಿ ಸತ್ತದ್ದನ್ನು ಮೂರು ಸಲ ಹೇಳಿದ್ದಿ. ಒಮ್ಮೆ ಸತ್ತರ ಸಾಕು, ಪಾಪ."

ದಸರೆ ತೆಗೆಯಬೇಕಾಯಿತು. ತೆಗೆದು ಏನಿಡುವುದು? ಕ್ಯಾಲೆಂಡರ್ ತೆರೆದು ಕೂತೆ. ಫೆಬ್ರುವರಿ, ಮಾರ್ಚ್. ಶಿವರಾತ್ರಿ! ಮೊದಲು ಬರೀ ಹಬ್ಬದ ಹೆಸರು ಬದಲಿಸಿದೆ. ಎರಡು ದಿನ ಬಿಟ್ಟು ಓದಿದಾಗ ಕತೆ ತಾನೇ ಸರಿದಿತ್ತು. ಶಿವರಾತ್ರಿ ಅಂದರೆ ಉಪವಾಸ. ಅಜ್ಜಿ ಬೆಳಗಿನಿಂದ ಉಂಡಿಲ್ಲ. ಸುದ್ದಿ ಬಂದ ಮೇಲೂ ಉಣ್ಣುವುದಿಲ್ಲ. ಆ ಉಪವಾಸ ಶಿವನಿಗೋ ತಾಯಿಗೋ ಮನೆಯವರಿಗೆ ತಿಳಿಯುವುದಿಲ್ಲ, ಅವಳೂ ಹೇಳುವುದಿಲ್ಲ. ಇದು ನನಗೆ ಹೊಳೆದದ್ದಲ್ಲ. ಜಯಧರ ಹತ್ತಿ ಕೊಟ್ಟದ್ದು.

ಜನವರಿ 2019ರಲ್ಲಿ ಬೈಠಕ್ ನಡೆಯಲಿಲ್ಲ. 4ರಿಂದ 6ರವರೆಗೆ ಇಲ್ಲೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ 84ನೇ ಸಾಹಿತ್ಯ ಸಮ್ಮೇಳನ, ಚಂದ್ರಶೇಖರ ಕಂಬಾರರ ಅಧ್ಯಕ್ಷತೆ. ನಮ್ಮ ಗುಂಪಿನವರೆಲ್ಲ ಹೋಗಿದ್ದೆವು, ಆದರೆ ಒಬ್ಬರಿಗೊಬ್ಬರು ಸಿಕ್ಕಿದ್ದು ಊಟದ ಸಾಲಿನಲ್ಲಿ ಮಾತ್ರ. ಮಾಸ್ತರು ಸಾಲಿನಲ್ಲಿ ನಿಂತೇ ಮುಂದಿದ್ದ ಇಬ್ಬರು ಹೆಂಗಸರ ಜಗಳ ಕೇಳಿಸಿಕೊಂಡು ಕೈ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದರು.

ಎರಡನೇ ಕರಡು ಫೆಬ್ರುವರಿಯಲ್ಲಿ. ಈ ಸಲ ಮಾತೆಲ್ಲ ಧಾರವಾಡದ ಭಾಷೆಗೆ ತಿರುಗಿಸಿದ್ದೆ. "ಹೊಲಕ್ಕ ಹೋಗಿ ಬರ್ತೇನಿ, ಮಳಿ ಬರೋ ಹಂಗ ಅದ." ಗೆದ್ದೆ ಅಂದುಕೊಂಡೆ. ಅಕ್ಕ ಮತ್ತೆ ತಲೆ ಅಲ್ಲಾಡಿಸಿದರು. "ಈಕಿ ಮಾಳಮಡ್ಡಿ ಆಯಿ. ಎರಿ ಹೊಲದಾಕಿ ಅಲ್ಲ."

ಇದರ ಮೇಲೆ ಒಂದೂವರೆ ತಾಸು ಮಾತಾಯಿತು. ಆವತ್ತಿನ ಮಾತು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಹೊರಗಿನವರಿಗೆ ಧಾರವಾಡ ಭಾಷೆ ಅಂದರೆ ಒಂದೇ. ಒಳಗೆ ಹಾಗಿಲ್ಲ. ಮಾಸ್ತರ ಮನೆಯಲ್ಲಿ "ಅದ", ನಮ್ಮ ಮನೆಯಲ್ಲಿ "ಐತಿ". ಅವರು "ಹೋಗ್ತೇನಿ" ಅಂದರೆ ನಮ್ಮಜ್ಜಿ "ಹೊಕ್ಕೇನಿ". ಜಾತಿ, ಓಣಿ, ಹೊಲದ ಮಣ್ಣು ಎಲ್ಲ ಒಂದು ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ನಾನು ಹನ್ನೊಂದು ವರ್ಷ ಇಲ್ಲಿದ್ದು ನನ್ನ ಬಾಯಿ ಬದಲಾಗಿತ್ತು, ಅಜ್ಜಿಯ ಬಾಯಿಗೂ ಅದನ್ನೇ ಹಚ್ಚಿದ್ದೆ.

ಅನುವಾದದವರು ಬೇರೆ ಪ್ರಶ್ನೆ ಎತ್ತಿದರು. "ಬೇ" ಅಂತ ಬರೆದರೆ ಮೈಸೂರಿನ ಕಡೆಯವರು ಬೈದ ಹಾಗೆ ಓದುತ್ತಾರೆ. ನಮ್ಮಲ್ಲಿ ಅದು ಪ್ರೀತಿಯ ಮಾತು, ತಾಯಿ ಮಗಳಿಗೂ ಅನ್ನುತ್ತಾಳೆ, ಮಗಳು ತಾಯಿಗೂ ಅನ್ನುತ್ತಾಳೆ. ಹಾಗಾದರೆ ಅಡಿಟಿಪ್ಪಣಿ ಹಾಕೋಣವೇ? ಮಾಸ್ತರು ಸಿಟ್ಟಾದರು. ನಾಟಕದಲ್ಲಿ ಅಡಿಟಿಪ್ಪಣಿ ಎಲ್ಲಿ ಹಾಕಲಿ, ನಟನ ಕಾಲಿನ ಹತ್ತಿರವೇ? ಮೊದಲ ಸಲ ಆ ಪದ ಬರುವಾಗ ಆಡುವವಳ ಕೈ ಏನು ಮಾಡುತ್ತಿದೆ ತೋರಿಸು, ಅಷ್ಟೇ ಸಾಕು ಅಂದರು. ಹಾಗೇ ಮಾಡಿದೆ. ಅಜ್ಜಿ ಮೊಮ್ಮಗಳ ಜಡೆ ಹೆಣೆಯುತ್ತಾ ಅನ್ನುತ್ತಾಳೆ: "ಹೊಲಕ್ಕ ಹೊಕ್ಕೇನಿ, ಮನ್ಯಾಗ ಇರಬೇ."

ಮೂರನೇ ಕರಡಿನಲ್ಲಿ ಜಾಸ್ತಿ ಜಾಣತನ ಮಾಡಿದೆ. ಕವಿ ಅಲ್ವಾ, ಕೈ ಸುಮ್ಮನಿರಲಿಲ್ಲ. ಅಜ್ಜಿ ರಾತ್ರಿ ಬೀಸುವಾಗ ಹಾಡುವ ಒಂದು ತ್ರಿಪದಿ ನಾನೇ ಕಟ್ಟಿ ಸೇರಿಸಿದೆ. ಪುಸ್ತಕ ನೋಡಿ ಛಂದಸ್ಸಿನ ಲೆಕ್ಕವನ್ನೂ ಹಾಕಿದ್ದೆ. ಹನ್ನೊಂದು ಗಣ, ಆರನೆಯದು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬೆರಳು ಮಡಿಚಿ ಎಣಿಸಿ ಸರಿ ಮಾಡಿಕೊಂಡೇ ಹೋಗಿದ್ದೆ.

ಅಕ್ಕನಿಗೆ ಗಣ ಗಿಣ ಗೊತ್ತಿಲ್ಲ. "ಹಾಡಿ ನೋಡತೀನಿ ತಡಿ" ಅಂದರು. ಒಂದು ಕಾಲು ಚಾಚಿ ಕೂತರು, ಎದುರಿಗೆ ಬೀಸುವ ಕಲ್ಲು ಇದ್ದ ಹಾಗೆ ಬಲಗೈ ತಿರುಗಿಸುತ್ತಾ ಹಾಡಿದರು. ಮೊದಲ ಸಾಲು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರಲ್ಲಿ ಕೈ ನಿಂತಿತು. ಮತ್ತೆ ಮೊದಲಿನಿಂದ ಹಾಡಿದರು. ಅಲ್ಲೇ ನಿಂತಿತು. ನಾನು ಅಲ್ಲಿ "ನೆನಪುಗಳು" ಅಂತ ಹಾಕಿದ್ದೆ.

"ಇದನ್ನ ಬೀಸಾಕ ಬರೂದಿಲ್ಲಬೇ" ಅಂದರು.

ಕೋಣೆಯಲ್ಲಿ ಐದು ಜನ ಕವಿಗಳು, ಒಬ್ಬರು ಹಳಗನ್ನಡ ಪಾಠ ಮಾಡಿದವರು. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಆಮೇಲೆ ಅಕ್ಕನೇ ತನ್ನ ತಾಯಿ ಹಾಡುತ್ತಿದ್ದ ಒಂದು ಹಾಡು ಕೊಟ್ಟರು. ನಾನು ಬೇಡ ಅಂದೆ, ಬೇರೆಯವರ ತಾಯಿಯ ಹಾಡನ್ನು ನಮ್ಮಜ್ಜಿಯ ಬಾಯಲ್ಲಿ ಹೇಗಿಡುವುದು? ಕೊನೆಗೆ ಹಾಡೇ ಇಲ್ಲದೆ, ಬೀಸುವ ಕಲ್ಲಿನ ಸದ್ದು ಮಾತ್ರ ಇಟ್ಟೆ. ಅಜ್ಜಿ ಆ ರಾತ್ರಿ ಹಾಡಲಿಲ್ಲ ಅಂತ ಒಂದೇ ಸಾಲು. ಚುಟುಕದ ಅಜ್ಜನಿಂದ ಕಾರ್ಡು ಬಂತು. ಏನೂ ಬರೆದಿರಲಿಲ್ಲ, ಬರೀ ನನ್ನ ವಿಳಾಸ. ಇದು ಅವರ ಪಾಸು ಅಂತ ಆಮೇಲೆ ತಿಳಿಯಿತು.

ಆಗಸ್ಟಿನಲ್ಲಿ ವಿಪರೀತ ಮಳೆ. ಉತ್ತರ ಕರ್ನಾಟಕದ ಊರೂರೇ ನೀರಲ್ಲಿ ನಿಂತಿದ್ದವು. ಎರಡು ತಿಂಗಳು ಯಾರೂ ಸಾಹಿತ್ಯದ ಮಾತೆತ್ತಲಿಲ್ಲ. ನನ್ನ ಕಚೇರಿಯಲ್ಲೂ ಕೈತುಂಬ ಕೆಲಸ.

ಎಲ್ಲರ ಬರಹ ಕೂಡಿಸಿ ಒಂದು ಪುಸ್ತಕ ಮಾಡೋಣ ಅಂತ ಅಕ್ಟೋಬರಿನಲ್ಲಿ ತೀರ್ಮಾನವಾಯಿತು. ತಲಾ 1,500 ರೂಪಾಯಿ, ಹದಿಮೂರು ಜನಕ್ಕೆ 19,500. ಡೆಮಿ ಒಂದು ಬೈ ಎಂಟು ಸೈಜು, 112 ಪುಟ, 300 ಪ್ರತಿ. ಬರಹ ಬರೆಯುವುದಕ್ಕಿಂತ ಇದು ಕಷ್ಟ. ಮಾಸ್ತರದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದು, ಹುಡುಗನದು ಫೋನಿನಲ್ಲಿ ಯೂನಿಕೋಡ್, ಅಜ್ಜನದು ಕಾರ್ಡುಗಳ ಕಟ್ಟು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತುಗಳೆಲ್ಲ ಮನೆ ಬಿಟ್ಟು ಹೋದವು. ಮಾಸ್ತರ ನಾಟಕದಲ್ಲಿ ಧರ್ಮರಾಯ ಯಾರೆಂದೇ ಗುರುತು ಸಿಗದ ಹಾಗಾಗಿದ್ದ.

ಕರಡು ತಿದ್ದುವುದಕ್ಕೂ ಅದೇ ಮೂರನೇ ನಿಯಮ. ನೀವು ಬರೆಯುವ ಸಾಹಿತ್ಯ ಪ್ರಕಾರದ್ದನ್ನು ನೀವು ತಿದ್ದಬಾರದು. ನನಗೆ ಶಾಸನದ ಲೇಖನ ಬಂತು. ಕತೆಯನ್ನು ಶಾಸನದವರು ತಿದ್ದಿದರು. ಕಲ್ಲಿನ ಮೇಲಿನ ಸವೆದ ಅಕ್ಷರ ಓದುವ ಕಣ್ಣು, ನನ್ನ ಹದಿನಾಲ್ಕು ತಪ್ಪು ಹಿಡಿದರು. ಅವರ ಲೇಖನದಲ್ಲಿ ನನಗೆ ಸಿಕ್ಕಿದ್ದು ಒಂದೇ. ಅದೂ ತಪ್ಪಲ್ಲ, ಹಳೆಯ ರೂಪ ಅಂತ ಸಾಧಿಸಿದರು.

ಜಗಳ ಆಗದೇ ಇರಲಿಲ್ಲ. ಯಾರ ಬರಹ ಮೊದಲು? ಹಿರಿತನ ಅಂದರೆ ವಯಸ್ಸಿನದೋ ಬರೆದ ಪುಸ್ತಕದ್ದೋ? ಮುನ್ನುಡಿ ಯಾರಿಂದ? ಇಬ್ಬರು ಕವಿಗಳು ಎದ್ದು ಹೋದರು, ಒಬ್ಬರು ಇವತ್ತಿಗೂ ಬಂದಿಲ್ಲ. ನನಗೆ ಆ ವಿಷಯದಲ್ಲಿ ಬೇಜಾರಿದೆ, ಅವರ ಮಾತಿನಲ್ಲೂ ನ್ಯಾಯ ಇತ್ತು. ಕೊನೆಗೆ ಅಜ್ಜನ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿದೆವು. ಮೊದಲು ಬಂದದ್ದು ಅಕ್ಕನ ಹಾಡು. ಮುನ್ನುಡಿಯನ್ನೇ ಕೈಬಿಟ್ಟೆವು.

ಅಚ್ಚಿನಲ್ಲಿ ಒಂದು ಗಜಲ್ ಎರಡು ಪುಟಕ್ಕೆ ಹರಿದುಹೋಯಿತು, ಅದೂ ಒಂದು ಶೇರ್‌ನ ನಡುವೆ. ಮೊದಲ ಸಾಲು ಈ ಪುಟದ ಕೊನೆಗೆ, ರದೀಫ್ ಇರುವ ಸಾಲು ಹಾಳೆ ತಿರುವಿದ ಮೇಲೆ. ನಾವು ಕೊನೆಯ ಕರಡಿನಲ್ಲಿ ಗುರುತು ಹಾಕಿದ್ದೆವು, ಅಚ್ಚು ಮಾಡಿದವರು ನೋಡಿರಲಿಲ್ಲ. ಹುಡುಗ ಎರಡು ದಿನ ಯಾರ ಫೋನೂ ಎತ್ತಲಿಲ್ಲ. ಆಮೇಲೆ ಓದುವಾಗ ಅಲ್ಲಿಗೆ ಬಂದು, ಹಾಳೆಯನ್ನು ನಿಧಾನಕ್ಕೆ ತಿರುವಿ, ಆಮೇಲೆ ರದೀಫ್ ಹೇಳಲು ಶುರುಮಾಡಿದ. ಜನ ಅಲ್ಲಿ ಕೈ ತಟ್ಟುತ್ತಾರೆ.

2020ರ ಜನವರಿಯಲ್ಲಿ ಅದೇ ಮಹಡಿಯಲ್ಲಿ ಬಿಡುಗಡೆ. ಶಾಲು ಇರಲಿಲ್ಲ. ಲೈನ್ ಬಜಾರದ ಪೇಡೆ ಇತ್ತು. ನಮ್ಮವ್ವ ಅಣ್ಣಿಗೇರಿಯಿಂದ ಬಂದಿದ್ದಳು. ಕತೆ ಓದಿಸಿಕೊಂಡು ಕೇಳಿ, "ನಮ್ಮತ್ತಿ ಹಿಂಗ ಮಾಡಿದ್ದು ಖರೆ, ಆದರ ಆವತ್ತು ಶಿವರಾತ್ರಿ ಇರಲಿಲ್ಲ" ಅಂದಳು. ಹೌದೇನು ಅಂದೆ. ಹುಟ್ಟಿಸಿದ್ದು ಅಂತ ಒಪ್ಪಿಕೊಂಡೆ. ಅವಳು ಸ್ವಲ್ಪ ಹೊತ್ತು ಬಿಟ್ಟು, "ಇದ್ದಿದ್ದರೂ ಉಪಾಸ ಬಿಡತಿರಲಿಲ್ಲ ಆಕಿ" ಅಂದಳು.

ಎರಡು ತಿಂಗಳಾಗುವಷ್ಟರಲ್ಲಿ ಲಾಕ್‌ಡೌನ್ ಬಂತು. ಬೈಠಕ್ ಫೋನಿನಲ್ಲಿ ನಡೆಸಿ ನೋಡಿದೆವು, ಆಗಲಿಲ್ಲ. ಅಕ್ಕನ ಕೈ ತಿರುಗುವುದು ಆ ಚಿಕ್ಕ ಪರದೆಯಲ್ಲಿ ಕಾಣುತ್ತಿರಲಿಲ್ಲ. ಅಜ್ಜನ ಕಾರ್ಡುಗಳು ಮಾತ್ರ ಅಂಚೆ ಶುರುವಾದ ಕೂಡಲೇ ಬಂದವು. ಈಗ ಮತ್ತೆ ಎರಡನೇ ಭಾನುವಾರ, ನಾಲ್ಕು ಗಂಟೆ, ಗಿರ್ಮಿಟ್.

ಒಂದು ತೊಂದರೆ ಆಗಿದೆ. ಕತೆ ಅಚ್ಚಾದ ಮೇಲೆ ನಾನು ಕತೆಗಾರ್ತಿಯ ಲೆಕ್ಕಕ್ಕೂ ಬಿದ್ದೆ. ಕವಿತೆ ಬಂದರೂ ಕೊನೆಗೆ ಮಾತಾಡಬೇಕು, ಕತೆ ಬಂದರೂ ಕೊನೆಗೆ. ನನ್ನ ಸರದಿ ಬರುವ ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಹೇಳುವುದನ್ನೆಲ್ಲ ತಟ್ಟೆ ತೊಳೆಯುವಾಗ ಅನುವಾದದವರಿಗೆ ಹೇಳಿ ಬರುತ್ತೇನೆ. ಅದಕ್ಕೇ ಈಗ ಸದ್ದಿಲ್ಲದೆ ಒಂದು ನಾಟಕ ಬರೆಯುತ್ತಿದ್ದೇನೆ. ಅದನ್ನು ಓದುವ ದಿನ ಮಾಸ್ತರು ಒಂದೂವರೆ ತಾಸು ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತದೆ.